ಕಾಫಿ ಡ್ರಮ್ಮಿಗೆ ಕಲಾಯಿ

12 ಜನವರಿ 1998, ವಾಡಿ. ಬನದ ಹುಣ್ಣಿಮೆ. ಸಂಜೆ.

ನೆಲದ ಮೇಲೆ ಕುಳಿತ ಮಹಾಜನರೇ! ಕುರ್ಚಿ ಹಿಡಿದ ಗಣ್ಯರೇ! ಟಿಕೀಟು ತೆಗೆಸದೆ ತಟ್ಟಿಯ ಸಂದಿನಿಂದ ಇಣುಕುವ ಪುಣ್ಯವಂತರೇ! ಸದ್ದು... ಸದ್ದು...

ಒಬ್ಬರೂ ಇಲ್ಲ. ಮೇಜು, ಪೆನ್ನು, ಗೋಡೆಯ ಮೇಲೊಂದು ಹಲ್ಲಿ. ಆದರೇನು? ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ. ನಾನು ಡೇರೆಯಲ್ಲಿ ಹುಟ್ಟಿ, ಪರದೆಯ ಹಿಂದೆ ನಿದ್ದೆ ಕಲಿತವನು. ಕೂಗಿ ಕರೆಯದೆ ನನಗೆ ದಿನಚರಿಯೂ ಬರೆಯಲು ಬಾರದು.

ಇಂದು ಪಾರ್ಸೆಲ್ ಆಫೀಸಿನ ಡ್ಯೂಟಿ ಮುಗಿಸಿ ನೇರ ರಾಮಲಿಂಗನ ಮನೆಗೆ. ಕೈಯಲ್ಲಿ ಹೊಸದಾಗಿ ಹುರಿದ ಕಾಫಿಪುಡಿ. ರಾಮಲಿಂಗ ಇಷ್ಟು ವರ್ಷ ಹಳಿ ಕಾಯ್ದ ಗ್ಯಾಂಗ್‌ಮನ್. ಈಗ ನೌಕರಿ ಬಿಟ್ಟು ಸ್ಟೇಷನ್ ಎದುರು ಕಾಫಿ ಅಂಗಡಿ ಹಾಕುತ್ತಿದ್ದಾನೆ. ಬರುವ ಒಂದನೇ ತಾರೀಖು ಓಪನಿಂಗ್. ಪೂಜೆ ಇಲ್ಲ, ಬುದ್ಧನ ಫೋಟೋ ಇಡುವುದಷ್ಟೇ. ಚಹಾದ ರಾಜ್ಯದಲ್ಲಿ ಕಾಫಿ! ಐಡಿಯಾ ನನ್ನದೇ. ಮದ್ರಾಸಿನ ಗಾಡಿ ನಿಂತಾಗ ಆ ಕಡೆಯ ಜನ ಕಿಟಕಿಯಿಂದ ‘ಕಾಫಿ, ಕಾಫಿ’ ಎಂದು ಗೋಗರೆಯುವುದನ್ನು ಎಷ್ಟು ವರ್ಷ ನೋಡಿಲ್ಲ?

ಹುರಿಯುವ ಯಂತ್ರ ನನ್ನ ಹಿತ್ತಿಲಲ್ಲಿ. ಶಹಾಬಾದಿನಲ್ಲಿ ಪುಟಾಣಿ ಹುರಿಯುವ ಭಟ್ಟಿಯವರು ಬಿಸಾಕಿದ್ದ ಕಬ್ಬಿಣದ ಡ್ರಮ್ಮು. ಎರಡು ಕಡೆ ಪರಸಿ ಕಲ್ಲು ನಿಲ್ಲಿಸಿ, ನಡುವೆ ಸರಳು ತೂರಿಸಿ, ತಿರುಗಿಸಲು ಹಿಡಿ ಹಾಕಿದ್ದೇನೆ. ಕೆಳಗೆ ಇದ್ದಿಲ ಕೆಂಡ. ಬಹಳ ದಿನ ಮಳೆಯಲ್ಲಿ ಬಿದ್ದಿತ್ತು, ಒಳಗೆಲ್ಲ ಜಂಗು, ಕೆಂಪು ತುಕ್ಕು. ಒರೆಸಿದ್ದೆ. ಸಾಲಲಿಲ್ಲ...

ರಾಮಲಿಂಗ ಒಂದು ಗುಟುಕು ಕುಡಿದ. ಹೊರಗೆ ಹೋಗಿ ಉಗುಳಿ ಬಂದ.

“ಆಚಾರ್ರೇ, ಇದು ಕಾಫಿ ಅಲ್ರಿ. ಮಳ್ಯಾಗ ನೆಂದ ಹಳಿ ನೆಕ್ಕಿದಂಗ ಆಗ್ಲಿಕತ್ತದ.”

ಅವನ ಹೆಂಡತಿ ಸಾಬಮ್ಮ ನನಗೂ ಒಂದು ಕಪ್ಪು ತಂದಳು. ಕೈ ಹಿಂದೆ ಬಂತು. ತಂತಾನೇ.

“ಇವತ್ತ ಏಕಾದಶಿ, ಸಾಬಮ್ಮ.”

“ಹುಣ್ಣಿಮಿ ದಿನ ಏಕಾದಶಿ? ನಿಮ್ಮ ಪಂಚಾಂಗ ಭಾರೀ ಅದ ಬಿಡ್ರಿ!” ನಕ್ಕಳು. ಕಪ್ಪು ಒಳಗೆ ಒಯ್ದಳು.

ರಾಮಲಿಂಗ ನಗಲಿಲ್ಲ. “ಬೋರ್ಡಿನ ಮ್ಯಾಲ ‘ಆಚಾರ್ರು ಹುರಿದ ಕಾಫಿ’ ಅಂತ ಬರಸೀನ್ರಿ. ಯಾಕ ಗೊತ್ತದ ಏನು? ನಮ್ಮಂಥೋರ ಅಂಗಡ್ಯಾಗ ಕುಡೀಲಿಕ್ಕ ಭಾಳ ಮಂದಿ ಹಿಂದ ಮುಂದ ನೋಡ್ತಾರ. ನಿಮ್ಮ ಹೆಸರಿದ್ರ ಬರ್ತಾರ. ಆದ್ರ ಒಬ್ಬಂವಗ ಹೊಟ್ಟಿ ನೊಂದ್ರೂ ಸಾಕು, ಆಗ ನಿಮ್ಮ ಹೆಸರು ಯಾರೂ ತಗಿಯಂಗಿಲ್ಲ. ‘ಅವನ ಕೈದು ಕುಡದ್ರ ಹಿಂಗೇ’ ಅಂತಾರ.”

“ರಾಮಲಿಂಗಾ! ಈ ರಘುವೀರಾಚಾರ್ಯ ಬದುಕಿರುವ ತನಕ ಆ ಮಾತು ಬಾರದು!” ಎಂದೆ. ಓಣಿಯ ನಾಯಿಗಳು ಎದ್ದು ನಿಂತವು.

15 ಜನವರಿ

ಡ್ರಮ್ಮಿನ ಒಳಗೆ ಬೇರೆ ತಗಡಿನ ಪದರ ಕೂಡಿಸಬೇಕು. ನಿರ್ಧಾರ. ಯಾವ ತಗಡು? ಶಹಾಬಾದಿಗೆ ಹೋದೆ. ತಗಡಿನ ಅಂಗಡಿಯ ಕಲ್ಯಾಣಪ್ಪ ಜಸ್ತ, ಅಂದರೆ ಸತು, ಬಳಿದ ತಗಡು ಕೊಟ್ಟ.

“ಬಕೇಟು, ಕಾಳು ತುಂಬೋ ಕಣಜ ಎಲ್ಲಾ ಇದರದ್ದೇ ಅವರಿ. ಜಂಗು ಹತ್ತಂಗಿಲ್ಲ.”

ಕಣಜವನ್ನು ಯಾರಾದರೂ ಕೆಂಡದ ಮೇಲೆ ಇಡುತ್ತಾರೆಯೇ? ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಮನೆಗೆ ಬಂದವನೇ ಒಂದು ತುಂಡು ಕತ್ತರಿಸಿ ಕೆಂಡದ ಮೇಲಿಟ್ಟು ಬಗ್ಗಿ ನೋಡಿದೆ. ಮೊದಲು ಹಳದಿ. ಆಮೇಲೆ ಬಿಳಿ ಹೊಗೆ, ಹತ್ತಿಯ ಎಳೆಯಂಥ ಬೂದಿ. ಬಾಯಲ್ಲಿ ಏನೋ ಸಿಹಿ. ಇದು ಅಲ್ಲ... ಗಂಟಲು ಯಾಕೋ...

18 ಜನವರಿ

ಮಧ್ಯದ ದಿನಗಳು ಕಂಬಳಿಯೊಳಗೆ. ಚಳಿಜ್ವರ. ಧ್ವನಿ ಇಲ್ಲ! ದೂತನ ಪಾತ್ರಕ್ಕೂ ಬೇಡವಾಗುವಂಥ ಪಿಸುಗುಟ್ಟು. ಡಾಕ್ಟರು ಹೊಗೆ ಕುಡಿದದ್ದರಿಂದ ಎಂದರು.

ಹೆಂಡತಿ ಭಾಮಾ ಕಷಾಯ ಇಟ್ಟು ಹೇಳಿದಳು: “ಲಗ್ನ ಆದಾಗಿಂದ ಮನ್ಯಾಗ ಇಷ್ಟು ಶಾಂತಿ ಇದ್ದದ್ದೇ ಇಲ್ಲ. ಇನ್ನೊಂದು ತುಂಡು ಸುಡ್ತೀರೇನು?”

ತಗಡನ್ನು ಅವಳು ಬಚ್ಚಲ ಗಟಾರದ ಮೇಲೆ ಮುಚ್ಚಿದಳು.

21 ಜನವರಿ, ಸೇಡಂನಿಂದ ಬಂದು

ರಾಮಲಿಂಗನ ತಮ್ಮ ರಾಜರತ್ನ ಸೇಡಂ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಾನೆ. ರಾಮಲಿಂಗನ ಒತ್ತಾಯ — ಒಂದು ಸಲ ಕೇಳಿ ಬರ್ರಿ. ಹೋದೆ. ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆದಾರನೊಬ್ಬ ಕೊಟ್ಟಿದ್ದ ಬಿಳಿ ಹಗ್ಗವನ್ನೂ ಒಯ್ದಿದ್ದೆ, ಡ್ರಮ್ಮಿನ ಬಾಗಿಲ ಸಂದಿಗೆ ತುರುಕಲು. ಬೆಂಕಿಗೆ ಜಗ್ಗದ ಹಗ್ಗ.

ರಾಜರತ್ನ ಅದನ್ನು ಮುಟ್ಟಲಿಲ್ಲ. “ಚೀಲದಾಗ ಇಡ್ರಿ ಮೊದ್ಲು. ಅಸ್ಬೆಸ್ಟಸ್ ಅದು. ಅದರ ಎಳಿ ಉದುರ್ತಾವ, ಎದಿಯಾಗ ಕುಂತ್ರ ಏಳಂಗಿಲ್ಲ. ಸಂದಿ ಇದ್ರ ಇರ್ಲಿ, ಒಂದೀಟು ಹೊಗಿ ಹೋದ್ರ ಏನಾತು?”

“ಒಳಗಿನ ಪದರ?”

“ಸ್ಟೇನ್‌ಲೆಸ್ ಸ್ಟೀಲ್ ಹಾಕ್ರಿ. ಹಾಲಿನ ಕ್ಯಾನಿಂದು ಇರ್ತದಲ್ಲ, ಅಂಥಾದ್ದು. ಬೆಸುಗಿ ಬ್ಯಾಡ, ರಿವೆಟ್ ಹೊಡಸ್ರಿ. ಅದು ಸಿಗಲಿಲ್ಲಾಂದ್ರ ಬರೀ ಕಬ್ಬಿಣ ಇರ್ಲಿ. ಜಂಗು ಪೂರಾ ತಿಕ್ಕಿ ತಗದು, ಎಣ್ಣಿ ಸವರಿ, ಹಂಚಿನಂಗ ಮತ್ತ ಮತ್ತ ಕಾಸ್ರಿ. ಕರ್ರಗ ಆಗ್ತದ. ಅಷ್ಟೇ.”

ಸ್ಟೀಲು ಹೈದರಾಬಾದಿನಿಂದ ತರಿಸಬೇಕಂತೆ. ಒಂದನೇ ತಾರೀಖಿಗೆ ಆಗದು. ಮತ್ತೆ ಕರಿ ಡ್ರಮ್ಮು? ರಾಮಲಿಂಗ ಓಪನಿಂಗಿನ ದಿನ ಡ್ರಮ್ಮನ್ನು ಅಂಗಡಿಯ ಮುಂದೆ ನಿಲ್ಲಿಸುವವನಿದ್ದಾನೆ. ಮದ್ರಾಸಿನ ಮಂದಿ ನೋಡಬೇಕು, ವಾಡಿಯ ಮಂದಿ ಬೆರಗಾಗಬೇಕು. ರಾಜ ಮಸಿ ಬಳಿದುಕೊಂಡು ರಂಗಕ್ಕೆ ಬರುತ್ತಾನೆಯೇ? ಈ ಮೇಷ್ಟ್ರಿಗೆ ಪ್ರವೇಶದ ಬೆಲೆ ಗೊತ್ತಿಲ್ಲ.

23 ಜನವರಿ

ಭಾಮಾ ಚಂದಾಪುರಕ್ಕೆ ಹೋದಳು. ಮಗಳು ಶ್ರೀವಾಣಿಯ ಕೂಸಿಗೆ ಜ್ವರ. ಹೊಸಿಲು ದಾಟಿ ಮತ್ತೆ ಒಳಗೆ ಬಂದಳು.

“ಡ್ರಮ್ಮಿಗೆ ಏನರೆ ಮಾಡ್ರಿ, ಮೊದಲ್ನೇ ಸಲ ಹುರಿದದ್ದು ಚೆಲ್ಲಿಬಿಡ್ರಿ. ಹೊಸ ಹಂಚಿನ ಮೊದಲ ರೊಟ್ಟಿ ನಾವು ತಿಂತೀವೇನು?”

“ಆಜ್ಞೆ, ಮಹಾರಾಣಿ!” — ಧ್ವನಿ ಮರಳಿದೆ!

26 ಜನವರಿ. ರಜೆ.

ಧ್ವಜ ಹಾರಿಸಿ ಬರುತ್ತಿದ್ದೆ. ಓಣಿಯ ತುದಿಯಿಂದ ಕೂಗು — “ಕಲಾಯೀ... ಭಾಂಡೇಕೋ ಕಲಾಯೀ!”

ಪರದೆ ಸರ್ರನೆ ಎದ್ದ ಹಾಗಾಯಿತು. ಕಂಪನಿಯ ಅಡುಗೆಮನೆ! ನೂರು ಜನರ ಸಾರು ಕುದಿಯುವ ತಾಮ್ರದ ಹಂಡೆಗಳು, ಒಳಗೆ ಬೆಳ್ಳಿಯಂಥ ಕಲಾಯಿ. ಅದನ್ನೇ ಉಂಡು ಬೆಳೆದ ಮೈ ಇದು, ಈ ಕಂಠ. ಊಟಕ್ಕೆ ಕಲಾಯಿಗಿಂತ ಶುದ್ಧವಾದದ್ದು ಯಾವುದು?

ಕಲಾಯಿಯ ಬಷೀರಾ ಹಿತ್ತಿಲಲ್ಲಿ ತಿದಿ ಹೂಡಿದ. ಡ್ರಮ್ಮಿನ ಒಳಗನ್ನು ಮರಳಿನಿಂದ ಉಜ್ಜಿದ, ನವಸಾಗರ ಎರಚಿದ, ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒರೆಸಿದ. ಕಬ್ಬಿಣದೊಳಗೆ ಚಂದ್ರ ಮೂಡಿದ!

“ಇದ್ರಾಗ ಏನು ಇಡ್ತೀರಿ ಸಾಬ್? ನೀರಾ, ಉಪ್ಪಿನಕಾಯಾ?”

“ಅದು ರಹಸ್ಯ, ಬಷೀರಾ! ಒಂದನೇ ತಾರೀಖು ಇಡೀ ವಾಡಿಗೆ ತಿಳಿಯುವುದು!”

ಬಷೀರಾ ಹೆಗಲು ಕುಣಿಸಿ ತಿದಿ ಮಡಚಿದ.

29 ಜನವರಿ

ಹುರಿದೆ! ಅಂಗಡಿಗೆ ಬೇಕಾದದ್ದೆಲ್ಲ. ಸಂಜೆಗೆ ರಾಮಲಿಂಗನ ಮನೆಯಲ್ಲಿ ಬೀಸಿದ್ದೂ ಆಯಿತು. ಜಂಗಿನ ವಾಸನೆ ಇಲ್ಲವೇ ಇಲ್ಲ. ರಾಮಲಿಂಗ ಎರಡು ಕಪ್ಪು ಕುಡಿದ. ಸಾಬಮ್ಮ ನನ್ನೆಡೆ ಒಂದು ಕಪ್ಪು ಚಾಚಿದಳು.

“ಇವತ್ತ ಗಂಟಲು...” ಎಂದೆ.

“ಗಂಟಲಿಗೆ ಏನಾಗ್ಯದ? ಆ ಓಣಿಗೂ ಕೇಳ್ಸಲಿಕತ್ತದ ನಿಮ್ಮ ಗಂಟಲು.”

ಮನೆಗೆ ಬಂದು ನನ್ನ ಲೋಟದಲ್ಲಿ ಕುಡಿದೆ. ಸೊಗಸು.

ರೈಲ್ವೆ ಕ್ವಾರ್ಟರ್ಸಿನ ಮನೆಮನೆಗೂ ಒಂದೊಂದು ಪೊಟ್ಟಣ ಹಂಚಿ ಬಂದೆ. ಬಾಗಿಲಲ್ಲಿ ನಿಂತು, ಸ್ವರ ಎತ್ತಿ — “ರಾಮಲಿಂಗನ ಅಂಗಡಿಯ ಕಾಫಿ! ರವಿವಾರ ತಪ್ಪದೇ ಬರ್ರಿ!” ಮೊದಲ ಸಲದ್ದು ಚೆಲ್ಲು ಅಂದಿದ್ದಳು ಭಾಮಾ... ಚೆಲ್ಲಲು ಎಲ್ಲಿದೆ ಸಮಯ? ಇನ್ನೊಂದು ಸಲ ಹುರಿಯಲು ಹಸಿಬೀಜವೂ ಒಂದು ಸೇರು ಮಾತ್ರ ಉಳಿದಿದೆ.

31 ಜನವರಿ, ಮಧ್ಯಾಹ್ನ

ಕ್ರಮವಾಗಿ ಬರೆಯುತ್ತೇನೆ.

ಭಾಮಾ ಬೆಳಗಿನ ಬಸ್ಸಿಗೆ ಬಂದಳು. ಕೂಸು ಅರಾಮ. ಡ್ರಮ್ಮು ತೋರಿಸಲು ಕೈಹಿಡಿದು ಹಿತ್ತಿಲಿಗೆ ಕರೆದೊಯ್ದೆ. ಬಾಗಿಲು ತೆಗೆದಳು. ಒಳಗೆ ಇಣುಕಿದಳು. ನಾನೂ ಇಣುಕಿದೆ. ಹುರಿದ ಮೇಲೆ ಹಗಲ ಬೆಳಕಿನಲ್ಲಿ ಇದೇ ಮೊದಲ ಸಲ. ಚಂದ್ರ ಇಲ್ಲ. ಅಲ್ಲಲ್ಲಿ ಬೂದು ಕಲೆ, ನಡುನಡುವೆ ಬೋಳು ಕಬ್ಬಿಣ.

ತಳದಲ್ಲಿ ಉಳಿದಿದ್ದ ಬೀಜಗಳನ್ನು ಅಂಗೈಗೆ ಸುರಿದುಕೊಂಡಳು. ಸಾಸಿವೆಯಂಥ ಹೊಳೆಯುವ ಗುಂಡು. ಇನ್ನೊಂದು. ಒಂದು ಬೀಜಕ್ಕೆ ಅರ್ಧ ಮೈ ಬೆಳ್ಳಿ.

“ಏನ್ರಿ ಇದು?”

“ಕಲಾಯಿ...”

“ಕಲಾಯಿ ಹಾಕಿಸಿ ಒಣಾ ಬೆಂಕಿ ಮ್ಯಾಲ ತಿರುವಿದ್ರೇನು? ಖಾಲಿ ಪಾತೇಲಿ ಒಲಿ ಮ್ಯಾಲ ಮರೆತ್ರ ಕಲಾಯಿ ಕರಗಿ ಗುಂಡು ಗುಂಡು ಆಗ್ತದ. ಯಾವ ಹೆಣ್ಮಗಳಿಗೆ ಗೊತ್ತಿಲ್ಲ ಇದು? ಸಾರು ಇದ್ರ ನಿಲ್ತದ, ನೀರಿದ್ರ ನಿಲ್ತದ. ಕಲಾಯಿಯಂವ ಏನೂ ಅನ್ಲಿಲ್ಲೇನು?”

ಅವನು ಕೇಳಿದ್ದ. ನಾನು ರಹಸ್ಯ ಎಂದಿದ್ದೆ.

ಎಸ್‌ಟಿಡಿ ಬೂತಿಗೆ ಓಡಿದೆ. ರಾಜರತ್ನ ಸಿಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಬರೀ ತವರ ಆದ್ರ ಮಾತು ಬ್ಯಾರೆ ಇತ್ರಿ. ಅದ್ರಾಗ ಸೀಸ ಕೂಡಿದ್ರ? ವಿಷ ಅದು. ಕಣ್ಣೀಲೆ ನೋಡಿದ್ರ ತಿಳಿಯಂಗಿಲ್ಲ. ಬೀಸಿದ ಪುಡಿ ಜರಡಿ ಹಿಡದ್ರೂ ಹೋಗಂಗಿಲ್ಲ. ಒಂದು ಚಮಚಾನೂ ಯಾರಿಗೂ ಕೊಡಬ್ಯಾಡ್ರಿ. ಕೊಟ್ಟದ್ದಿದ್ರ ವಾಪಸ್ ತರ್ರಿ. ನಾಳೆ ಅಣ್ಣಂದು ಓಪನಿಂಗ್ ಅಲ್ರೀ...”

ಫೋನಿಟ್ಟು ಹೊರಬಿದ್ದೆ.

31 ಜನವರಿ, ಸಂಜೆ ನಾಲ್ಕು

ರಾಮಲಿಂಗನಿಗೆ ಹೇಳಿದೆ. ಅವನು ಬಾಗಿಲಿಗೆ ಹಸಿರು ತೋರಣ ಕಟ್ಟುತ್ತಿದ್ದ. ಏಣಿಯಿಂದ ಇಳಿಯಲಿಲ್ಲ. ಅಲ್ಲೇ ಕುಳಿತ.

ಸಾಬಮ್ಮ ಪುಡಿಯ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ತಂದಿಟ್ಟಳು. “ಮಣ್ಣಾಗ ಹೂಳ್ತೀನಿ. ದನಾ ಕರಾ ಮೂಸ್ಬಾರ್ದು.” ಅಷ್ಟೇ ಅಂದಳು.

ರಾಮಲಿಂಗ ಕೇಳಿದ: “ಬೀಜ ಬರ್ಲಿಲ್ಲ ಅಂದ್ಬಿಡೋಣೇನ್ರಿ? ಪಾರ್ಸೆಲ್ ಲೇಟ್ ಆತು ಅಂತ. ನಾಳೆ ಚಹಾ ಮಾಡ್ತೀನಿ. ‘ಕಾಫ್ಯಾಗ ಸೀಸ’ ಅಂತ ಒಂದು ಮಾತು ಹೊರಗ ಬಿದ್ರ ನನ್ನ ಅಂಗಡಿಗೆ ಯಾರು ಬರ್ತಾರ? ಹಳಿ ಮ್ಯಾಲಿನ ನೌಕರೀನೂ ಬಿಟ್ಟು ಕುಂತೀನಿ.”

“ಪೊಟ್ಟಣ ಹಂಚಿದ್ದೀನಲ್ಲ, ರಾಮಲಿಂಗ. ವಾಪಸ್ ತರಬೇಕು. ಯಾಕ ಅಂತ ಕೇಳ್ತಾರ.”

ಏಣಿಯ ಮೇಲಿಂದ ನನ್ನನ್ನೇ ನೋಡಿದ. “ಹಂಗಾರ ಖರೆ ಹೇಳ್ರಿ. ಆದ್ರ ಪೂರಾ ಹೇಳ್ರಿ. ಅರ್ಧಾ ಹೇಳಿದ್ರ ಉಳಿದರ್ಧ ನನ್ನ ತಲಿ ಮ್ಯಾಲ ಬೀಳ್ತದ.”

31 ಜನವರಿ, ಸಂಜೆ ಏಳು

ಕ್ವಾರ್ಟರ್ಸಿನಲ್ಲಿ ಭಾಮಾ ಆ ಸಾಲಿಗೆ, ನಾನು ಈ ಸಾಲಿಗೆ. ಪೊಟ್ಟಣಗಳೆಲ್ಲ ಮರಳಿ ಬಂದಿವೆ. ಕೆಲವು ಒಡೆದೇ ಇರಲಿಲ್ಲ. ಒಡೆದವರಿಗೆಲ್ಲ ಡಾಕ್ಟರಿಗೆ ತೋರಿಸಿ ಎಂದು ಹೇಳಿದ್ದೇವೆ. ನಾನೂ ರಾಮಲಿಂಗನೂ ಸೋಮವಾರ ಹೋಗಬೇಕು.

ಕೊನೆಯ ಮನೆ ಗಾರ್ಡ್ ಸಾಹೇಬರದು. ಅವರ ಮನೆಯ ಲಲಿತಾಬಾಯಿ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ತಂದರು.

“ಪುಡಿ ಕೆಟ್ಟದ ಅಂದ್ರ ಏನಾಗ್ಯದ, ಆಚಾರ್ರೇ?”

“ಅದರಾಗ... ಸ್ವಲ್ಪ ಲೋಹ...”

“ರಾಮಲಿಂಗನ ಅಂಗಡೀದಲ್ಲೇನು? ನನಗ ಗೊತ್ತೇ ಇತ್ತು. ಹಳಿ ಬಡಿಯೋ ಮಂದಿಗೆ ಅಡಗಿ ಕೆಲಸ ಏನು ತಿಳೀತದ? ಅವನ ಕೈದು ಕುಡದ್ರ ಹಿಂಗೇ. ನಿಮ್ಮ ಹೆಸರು ಹಾಳು ಮಾಡಿದ ನೋಡ್ರಿ ಅಂವ. ಪಾಪ!”

ಅದೇ ಮಾತು. ಅಕ್ಷರ ಅಕ್ಷರ ಅದೇ. ಹುಣ್ಣಿಮೆಯ ದಿನ ರಾಮಲಿಂಗ ಹೇಳಿದ್ದು.

ನಾನು ಏನು ಹೇಳಿದೆ? ಪುಕ್ಕಟೆ ಪ್ರೇಕ್ಷಕರಿಗೂ ಕೊನೆಯ ಸಾಲಿಗೂ ಕೇಳುವ ಈ ಕಂಠ ಏನು ಹೇಳಿತು? ಏನೂ ಇಲ್ಲ. ಜಸ್ತದ ಹೊಗೆ ಕುಡಿದ ದಿನ ಕಂಠಕ್ಕೆ ನೆಪವಿತ್ತು. ಇಂದು ಇರಲಿಲ್ಲ. ‘ಪಾಪ’ ಎನ್ನಿಸಿಕೊಂಡೆ, ಪೊಟ್ಟಣ ಹಿಡಿದು ಮೆಟ್ಟಿಲಿಳಿದು ಬಂದೆ.

ಭಾಮಾಳಿಗೆ ಹೇಳಿದೆ. ಅವಳು ನೇರ ಅಡುಗೆಮನೆಗೆ ಹೋದಳು. ಅವಳ ಅತ್ತೆಯ ಕಾಲದ ಕಬ್ಬಿಣದ ಹಂಚು ಇಳಿಸಿದಳು. ಉಳಿದಿದ್ದ ಹಸಿಬೀಜ ತರಲು ಹೇಳಿದಳು.

“ಅದು ದೇವರ ನೈವೇದ್ಯದ ಹಂಚಲ್ಲೇನು ಭಾಮಾ? ಈ ಬೀಜ ರಾಮಲಿಂಗನ ಅಂಗಡಿಗೆ...”

“ಹಂಚಿನ ಚಿಂತಿ ನನಗ ಬಿಡ್ರಿ. ನೀವು ನಾಳಿನ ಮಾತು ಪಾಠ ಮಾಡಿಕೊಳ್ರಿ. ಲಲಿತಾಬಾಯಿ ಮುಂದ ನಿಂತಂಗ ನಿಂತ್ರ ಮನಿಗೆ ಬರಬ್ಯಾಡ್ರಿ.”

ಈಗ ಹುರಿಯುತ್ತಿದ್ದಾಳೆ. ವಾಸನೆ ಇಲ್ಲಿಯವರೆಗೆ ಬರುತ್ತಿದೆ. ಕಬ್ಬಿಣದ್ದಲ್ಲ, ತವರದ್ದಲ್ಲ. ಕಾಫಿಯದ್ದು. ಒಂದು ಸೇರು. ಓಪನಿಂಗಿಗೆ ಬಂದವರಿಗೆ ಒಂದೊಂದು ಗುಟುಕಾದರೂ ಆದೀತು.

ನಾಳೆ ಬೆಳಿಗ್ಗೆ ಮದ್ರಾಸಿನ ಗಾಡಿ ನಿಲ್ಲುವ ಹೊತ್ತಿಗೆ ನಾನು ಅಂಗಡಿಯ ಮುಂದಿರುತ್ತೇನೆ. ಡ್ರಮ್ಮನ್ನೂ ಒಯ್ಯುತ್ತೇನೆ, ಕಲೆ ಕಲೆಯಾದ ಹಾಗೆಯೇ, ಬಾಗಿಲು ತೆರೆದು. ಬೆಂಚಿನ ಮೇಲೆ ಹತ್ತುತ್ತೇನೆ. ಲಲಿತಾಬಾಯಿ ಬರಲಿ, ಬಾರದಿರಲಿ, ಅವರ ಮನೆಯ ಅಟ್ಟಕ್ಕೂ ಕೇಳಬೇಕು — ಮಹಾಜನರೇ, ಕಲಾಯಿ ಹಾಕಿಸಿದವನು ನಾನು, ಹುರಿದವನು ನಾನು, ಹೇಳಿದ್ದನ್ನು ಕೇಳದವನು ನಾನು, ರಾಮಲಿಂಗನ ಕೈ ಇದರಲ್ಲಿ ಇಲ್ಲ. ಪೂರಾ ಹೇಳುತ್ತೇನೆ. ಅರ್ಧವಲ್ಲ. ಆಮೇಲೆ ಬೆಂಚಿನಿಂದ ಇಳಿದು, ಯಾವ ಏಕಾದಶಿಯನ್ನೂ ತಾರದೆ, ಸಾಬಮ್ಮನ ಕೈಯಿಂದ ಕಪ್ಪು ಇಸಿದುಕೊಂಡು, ಎಲ್ಲರಿಗಿಂತ ಮೊದಲು, ಎಲ್ಲರೂ ನೋಡುವ ಹಾಗೆ ಕುಡಿಯುತ್ತೇನೆ.