ನೂರ ನಲವತ್ತಮೂರನೇ ಪುಟದಲ್ಲಿ ನಿಂತವರ ಪರವಾಗಿ

ಮಾನ್ಯ ವಿಭಾಗಾಧಿಕಾರಿಗಳೇ,

ನಮ್ಮ ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿದ್ದ ಕರಿಹಲಗೆಗೆ ತಾವು ಗಾಜಿನ ಬಾಗಿಲು ಹಾಕಿಸಿ ಬೀಗ ಜಡಿಸಿದ್ದೀರಿ. ಅದಾಗಿ ಇದು ನಾಲ್ಕನೇ ತಿಂಗಳು. ನಮ್ಮ ಮೆಕ್ಯಾನಿಕ್ ಒಬ್ಬರು ಪುಸ್ತಕ ಓದುವುದನ್ನೇ ಬಿಟ್ಟು ಇಂದಿಗೆ ಹದಿನಾರು ದಿನ. ಮೊದಲನೆಯ ಸಂಗತಿ ತಮ್ಮ ಕಡತದಲ್ಲಿದೆ. ಎರಡನೆಯದು ಇಲ್ಲ, ಅದನ್ನು ತಿಳಿಸಲೆಂದೇ ಈ ಪತ್ರ. ಹಲಗೆಯ ಬಗ್ಗೆ ಕಚೇರಿಯ ಮೂಲಕ ಮೂರು ಅರ್ಜಿ ಕಳಿಸಿದ್ದೆ. ಒಂದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು, ಎರಡನೆಯದಕ್ಕೆ ಅದೇ ಉತ್ತರದ ನಕಲು ಬಂತು, ಮೂರನೆಯದು ಯಾವ ಮೇಜಿನ ಮೇಲೆ ಮಲಗಿದೆಯೋ ತಿಳಿಯದು. ಕೂಗಾಡುವ ತ್ರಾಣ ನನಗಿಲ್ಲ. ದಿನಕ್ಕೆ ಎಂಟು ಗಂಟೆ ನಿಂತುಕೊಂಡೇ ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಕೂಗುವವಳು ನಾನು, ಉಳಿದ ಗಂಟಲು ಮನೆಗೆ ಬೇಕು. ಹಾಗಾಗಿ ನಾಲ್ಕು ಜನ ನೋಡುವ ಕಡೆ ಬರೆಯುತ್ತಿದ್ದೇನೆ.

ಆ ಹಲಗೆ ಏನಾಗಿತ್ತು ಎಂದು ತಮಗೆ ಗೊತ್ತಿದೆಯೇ? ತಾವು ಬಂದು ನೋಡಿದ್ದು ಹತ್ತು ನಿಮಿಷ, ಅದರಲ್ಲಿ ಆರು ನಿಮಿಷ ಫೋಟೋಕ್ಕೆ ಹೋಯಿತು. ಆದ್ದರಿಂದ ಹೇಳುತ್ತೇನೆ. ಅದು ದಿನದ ಡ್ಯೂಟಿ ಬರೆಯುವ ಹಲಗೆ. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್, ಯಾವ ಗಾಡಿ ರಿಪೇರಿಯಲ್ಲಿದೆ, ಎಲ್ಲ ಅದರ ಮೇಲೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಮೊಳದಷ್ಟು ಜಾಗ ಯಾವತ್ತೂ ಖಾಲಿ ಉಳಿಯುತ್ತಿತ್ತು. ಹಲವು ವರ್ಷದ ಹಿಂದೆ ಯಾರೋ ಡ್ರೈವರ್ ಅಲ್ಲಿ ಒಂದು ಪುಸ್ತಕದ ಹೆಸರು ಬರೆದು ‘ಹೊರಟಿದೆ’ ಎಂದು ಗೀಚಿದ. ತಾನು ಓದಲು ಶುರು ಮಾಡಿದ್ದೇನೆ ಎಂದು ಅದರರ್ಥ. ಮಾರನೇ ದಿನ ಇನ್ನೊಬ್ಬರು ತಮ್ಮ ಪುಸ್ತಕ ಬರೆದರು. ಅಂದಿನಿಂದ ಅದೇ ಪದ್ಧತಿಯಾಯಿತು. ಅರ್ಧ ಓದಿದ್ದರೆ ‘ದಾರಿಯಲ್ಲಿದೆ’. ಬೇಸರ ಬಂದು ಬಿಟ್ಟರೆ ‘ಕೆಟ್ಟು ನಿಂತಿದೆ’. ಮುಗಿಸಿದರೆ ‘ತಲುಪಿದೆ’, ಪಕ್ಕದಲ್ಲಿ ಯಾರಿಗೆ ಕೊಡಬಹುದು ಎಂಬ ಒಂದು ಮಾತು. ‘ಅತ್ತೆಯ ಜೊತೆ ಮಾತು ಬಿಟ್ಟವರು ಓದಿ’, ‘ಊಟದ ಮುಂಚೆ ಓದಬೇಡಿ’, ‘ಮೊದಲ ಇಪ್ಪತ್ತು ಪುಟ ಏರುದಾರಿ, ಆಮೇಲೆ ಆರಾಮ’. ಒಬ್ಬರು ಹೊಗಳಿದ ಪುಸ್ತಕ ಮೂವರಲ್ಲಿ ಕೆಟ್ಟು ನಿಂತರೆ ಹೊಗಳಿದವರು ಎಲ್ಲರಿಗೂ ಚಹಾ ಮಾಡಬೇಕು. ನಿಯಮ ಇದ್ದದ್ದು ಅದೊಂದೇ. ಅದಕ್ಕೆ ಆದೇಶ ಸಂಖ್ಯೆ ಇರಲಿಲ್ಲ, ಆದರೂ ಯಾರೂ ಅದನ್ನು ಮುರಿಯಲಿಲ್ಲ.

ಈಗ ಮೆಕ್ಯಾನಿಕ್ ಬಗ್ಗೆ. ಡಿಪೋದಲ್ಲಿ ಅವರನ್ನು ಎಲ್ಲರೂ ಜಾಕಣ್ಣ ಎಂದೇ ಕರೆಯುತ್ತೇವೆ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಅರ್ಧ ಆಯುಸ್ಸನ್ನು ಜಾಕ್ ಏರಿಸಿದ ಗಾಡಿಯ ಕೆಳಗೇ ಕಳೆದವರು. ಅವರಿಗೆ ಓದಲು ಬರುತ್ತಿರಲಿಲ್ಲ. ಬರುವುದಿಲ್ಲವೆಂದು ನಮಗಾರಿಗೂ ಗೊತ್ತಿರಲಿಲ್ಲ. ರೂಟು ಬೋರ್ಡನ್ನು ದೂರದಿಂದಲೇ ನೋಡಿ ಯಾವ ಬಸ್ಸೆಂದು ಹೇಳುತ್ತಿದ್ದರು. ಆಮೇಲೆ ತಿಳಿಯಿತು, ಅವರು ಓದುತ್ತಿರಲಿಲ್ಲ, ಮುಖ ಗುರುತು ಹಿಡಿಯುವ ಹಾಗೆ ಊರಿನ ಹೆಸರುಗಳ ಗುರುತು ಹಿಡಿಯುತ್ತಿದ್ದರು. ಒಂದು ದಿನ ಚಹಾದ ಹೊತ್ತಿನಲ್ಲಿ ನಾವು ಐದಾರು ಜನ ಒಂದು ಕಾದಂಬರಿಯ ಬಗ್ಗೆ ಕಿತ್ತಾಡುತ್ತಿದ್ದೆವು. ಹಡಗಿನ ಅಡುಗೆಯವನೊಬ್ಬನ ಕಥೆ ಅದು. ಮನೆ ಬಿಟ್ಟು ಹನ್ನೆರಡು ವರ್ಷವಾದವನು, ಕ್ಯಾಪ್ಟನ್ನಿಗೆ ಬಂದ ಕಾಗದವೊಂದನ್ನು ಬಚ್ಚಿಡುತ್ತಾನೆ. ಅದು ಸರಿಯೋ ತಪ್ಪೋ ಎಂದು ನಮ್ಮ ಜಗಳ. ಜಾಕಣ್ಣ ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ಕೇಳಿಸಿಕೊಂಡರು. ಕೊನೆಗೆ, “ಆ ಪುಸ್ತಕ ನಂಗೂ ಕೊಡ್ರಪ್ಪ. ನಾನೂ ಜಗಳ ಆಡ್ಬೇಕು,” ಅಂದರು. ಆಮೇಲೆ ದನಿ ತಗ್ಗಿಸಿ, “ಆದ್ರೆ ಮೊದ್ಲು ಓದೋದು ಕಲಿಸ್ಬೇಕಾಗುತ್ತೆ,” ಅಂದರು.

ಯಾರೂ ನಗಲಿಲ್ಲ ಎಂದರೆ ಸುಳ್ಳಾದೀತು. ಅವರೇ ಮೊದಲು ನಕ್ಕರು, ಆಮೇಲೆ ನಾವೂ ನಕ್ಕೆವು. ಬಸ್ಸು ತೊಳೆಯುವ ಅಕ್ಕ ಮಾತ್ರ ನಗದೆ ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. “ನೋಡಿ ಅಣ್ಣ, ಈ ಬೋರ್ಡಲ್ಲಿರೋ ಅಕ್ಷರಾನೇ ಆ ಬೋರ್ಡಲ್ಲೂ ಇದೆ. ಒಂದು ಬಸ್ಸಿಂದ ಇಳಿದು ಇನ್ನೊಂದು ಹತ್ತಿದೆ ಅಷ್ಟೇ,” ಎಂದು ಶುರು ಮಾಡಿದಳು. ಐವತ್ತನಾಲ್ಕನೇ ವಯಸ್ಸಿನಲ್ಲಿ ಆ ಮನುಷ್ಯ ರೂಟು ಬೋರ್ಡುಗಳನ್ನು ಬಿಡಿಸಿ ಬಿಡಿಸಿ ಅಕ್ಷರ ಕಲಿತರು. ಏಳೆಂಟು ತಿಂಗಳು ಹಿಡಿಯಿತು. ನಂತರ ಹಲಗೆಯ ಮೂಲೆಯಲ್ಲಿ ಅವರದೇ ಸೊಟ್ಟ ಅಕ್ಷರದಲ್ಲಿ ಒಂದು ಸಾಲು ಬಂತು: ‘ಜಾಕಣ್ಣ. ಅಡುಗೆಯವ. ಹೊರಟಿದೆ. ಪುಟ 2.’ ಹನ್ನೊಂದು ತಿಂಗಳು ಆ ಸಾಲನ್ನು ಯಾರೂ ಒರೆಸಲಿಲ್ಲ, ಪುಟದ ಸಂಖ್ಯೆ ಮಾತ್ರ ಬದಲಾಗುತ್ತಿತ್ತು. ಡ್ಯೂಟಿಗೆ ಬಂದವರು ಮೊದಲು ತಮ್ಮ ಗಾಡಿ ನೋಡುತ್ತಿರಲಿಲ್ಲ, ಜಾಕಣ್ಣನ ಪುಟ ನೋಡುತ್ತಿದ್ದರು. ನಲವತ್ತೊಂದಕ್ಕೆ ಬಂದರೆ ಚಪ್ಪಾಳೆ. ಅರವತ್ತರಲ್ಲಿ ಎರಡು ವಾರ ನಿಂತಾಗ ಡ್ರೈವರುಗಳು, “ಏನಣ್ಣ, ಕ್ಲಚ್ ಹೋಯ್ತಾ?” ಎಂದು ಕಾಡುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಅಡುಗೆಯವ ಕೊನೆಗೆ ಮನೆ ಸೇರಿದನೋ ಇಲ್ಲವೋ ಎಂದು ಯಾರೂ ಜಾಕಣ್ಣನ ಎದುರು ಉಸಿರೆತ್ತುವಂತಿರಲಿಲ್ಲ. ಗುಟ್ಟು ನಿಲ್ಲದ ಡಿಪೋ ನಮ್ಮದು, ತಮಗೂ ಅದು ಗೊತ್ತು. ಆದರೂ ಈ ಗುಟ್ಟು ನಿಂತಿತ್ತು.

ಆಮೇಲೆ ತಾವು ತಪಾಸಣೆಗೆ ಬಂದಿರಿ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಅದನ್ನು ಮಾಡಿದ್ದು ನಾವೇ. ಹಲಗೆಯ ಮೂಲೆ ಏನೆಂದು ತಾವು ಕೇಳಿದಿರಿ, ನಾವು ಉಬ್ಬಿಹೋದೆವು. ಜಾಕಣ್ಣನನ್ನು ಗಾಡಿಯ ಕೆಳಗಿನಿಂದ ಎಳೆದು ತಂದು ತಮ್ಮ ಮುಂದೆ ನಿಲ್ಲಿಸಿದೆವು. ತಾವು ಅವರ ಕೈ ಕುಲುಕಿದಿರಿ, ಕೈಗೆ ಗ್ರೀಸ್ ಹತ್ತಿದರೂ ಮುಖ ಸಿಂಡರಿಸಲಿಲ್ಲ. ಅದು ನನಗೆ ನೆನಪಿದೆ, ತಮ್ಮನ್ನು ಕೆಟ್ಟವರೆಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. “ಇದು ಇಡೀ ವಿಭಾಗಕ್ಕೆ ಮಾದರಿ ರೀ, ಇದನ್ನ ಹೀಗೆ ಬಿಡಬಾರದು,” ಅಂದಿರಿ. ಹೇಳಿದಂತೆಯೇ ನಡೆದುಕೊಂಡಿರಿ, ಅದನ್ನು ಹಾಗೆ ಬಿಡಲಿಲ್ಲ.

ಎರಡು ವಾರದಲ್ಲಿ ‘ಓದುವ ಸಿಬ್ಬಂದಿ’ ಯೋಜನೆಯ ಸುತ್ತೋಲೆ ಬಂತು. ಹಲಗೆಗೆ ಗಾಜು, ಗಾಜಿಗೆ ಬೀಗ, ಬೀಗದ ಕೈ ಕಚೇರಿಯಲ್ಲಿ. ದಿನದ ಡ್ಯೂಟಿಯನ್ನು ಈಗ ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸುತ್ತಾರೆ. ಒಳಗೆ ಮುದ್ರಿಸಿದ ಪಟ್ಟಿ: ‘ಶಿಫಾರಸು ಮಾಡಲಾದ ಪುಸ್ತಕಗಳು’. ಶಿಫಾರಸು ಮಾಡಿದವರು ಯಾರು ಎಂದು ಅದರಲ್ಲಿಲ್ಲ. ಅವು ಮೂವರಲ್ಲಿ ಕೆಟ್ಟು ನಿಂತರೆ ಚಹಾ ಮಾಡುವವರು ಯಾರು, ತಾವು ಬರುತ್ತೀರಾ? ಜೊತೆಗೆ ಪ್ರತಿ ತಿಂಗಳು ತುಂಬಬೇಕಾದ ನಮೂನೆ, ಏಳು ಕಲಮು. ಪುಸ್ತಕದ ಹೆಸರು, ಓದಿದ ಪುಟಗಳು, ಆರಂಭಿಸಿದ ದಿನಾಂಕ, ಮುಗಿಸಿದ ದಿನಾಂಕ... ಆರನೆಯದು ‘ಓದಿನಿಂದ ಕರ್ತವ್ಯಕ್ಕೆ ಆದ ಪ್ರಯೋಜನ’. ಏಳನೆಯದು ಮೇಲ್ವಿಚಾರಕರ ಸಹಿ. ಮೂಗಿಗಿಂತ ಮೂಗುತಿ ಭಾರ. ಬಸ್ಸು ತೊಳೆಯುವ ಅಕ್ಕ ಆರನೇ ಕಲಮಿನಲ್ಲಿ, ‘ಒಂದು ಪ್ರಯೋಜನವೂ ಆಗಿಲ್ಲ, ಅದಕ್ಕೇ ಚೆನ್ನಾಗಿತ್ತು’ ಎಂದು ಬರೆದಳು. ಅಪೂರ್ಣ ಮಾಹಿತಿ ಎಂದು ಅವಳ ನಮೂನೆ ವಾಪಸು ಬಂತು. ನಮ್ಮ ಟೈಮ್ ಕೀಪರ್ ಬುದ್ಧಿವಂತ, ಒಂದೇ ತಿಂಗಳಲ್ಲಿ ಸಾವಿರದ ಇನ್ನೂರು ಪುಟದ ನಿಘಂಟು ಓದಿರುವುದಾಗಿ ಬರೆದ. ಕರ್ತವ್ಯಕ್ಕೆ ಆದ ಪ್ರಯೋಜನ: ‘ಪದಸಂಪತ್ತು’. ‘ಉತ್ತಮ ಓದುಗ’ ಪ್ರಶಸ್ತಿಪತ್ರ ಅವನಿಗೆ ಬಂತು, ತಮ್ಮದೇ ಸಹಿ ಇದೆ. ನಿಘಂಟನ್ನು ಒಬ್ಬ ಮನುಷ್ಯ ಮೊದಲಿಂದ ಕೊನೆಯವರೆಗೆ ಓದಿದ್ದಾನೆಂದರೆ ವೈದ್ಯರ ಹತ್ತಿರ ಕಳಿಸಬೇಕೆಂದು ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಅದನ್ನು ನೋಡಿದ ಮೇಲೆ ಎಲ್ಲರೂ ಕಲಿತರು. ಡ್ರೈವರುಗಳು ತಿಂಗಳಿಗೆ ಆರು, ಎಂಟು ಪುಸ್ತಕ ಓದತೊಡಗಿದರು, ಕಾಗದದ ಮೇಲೆ. ವಿಶ್ರಾಂತಿ ಕೋಣೆಯಲ್ಲಿ ಪುಸ್ತಕದ ಮಾತೇ ನಿಂತಿತು. ನಿಜವಾಗಿ ಏನು ಓದುತ್ತಿದ್ದೀರಿ ಎಂದು ಕೇಳಿದರೆ ಈಗ ಜನ ಆಚೆ ಈಚೆ ನೋಡುತ್ತಾರೆ. ತಮ್ಮ ವಾರ್ಷಿಕ ವರದಿಯಲ್ಲಿ ಮಾತ್ರ ನಮ್ಮ ಡಿಪೋದಷ್ಟು ಓದುವವರು ಎಲ್ಲೂ ಇಲ್ಲ.

ಇನ್ನು ನನ್ನ ತಪ್ಪು ಹೇಳುತ್ತೇನೆ. ಜಾಕಣ್ಣನಿಗೆ ಓದಲು ಬರುತ್ತದೆ, ನಮೂನೆ ತುಂಬಲು ಬರುವುದಿಲ್ಲ. ಅವರ ನಮೂನೆ ತುಂಬಿದವಳು ನಾನು. ಇಪ್ಪತ್ತೆರಡು ವರ್ಷ ಟ್ರಿಪ್ ಶೀಟ್ ಬರೆದ ಕೈ ಇದು. ನಲವತ್ತು ಜನ ಹತ್ತಿದರೆ ನಲವತ್ತು ಎಂದೇ ಬರೆದು ಅಭ್ಯಾಸ. ಮೊದಲ ತಿಂಗಳು ಹನ್ನೆರಡು ಪುಟ ಎಂದು ಬರೆದೆ. ಎರಡನೇ ತಿಂಗಳು ಹದಿನಾಲ್ಕು, ಮೂರನೇ ತಿಂಗಳು ಹದಿಮೂರು. “ಸರಿಯಾಗಿ ಬರೆದ್ಯಾ ತಂಗಿ? ಜಾಸ್ತಿ ಗೀಸ್ತಿ ಬರೀಬೇಡ,” ಎಂದು ಅವರೂ ಹೇಳಿದ್ದರು. ಒಂದು ಸೊನ್ನೆ ಸೇರಿಸಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಸುತ್ತಲೂ ಎಲ್ಲರೂ ಸೇರಿಸುತ್ತಿದ್ದರು, ನನಗೆ ಹೊಳೆಯಲೇ ಇಲ್ಲ. ಇಡೀ ಡಿಪೋದಲ್ಲಿ ನಿಜವಾದ ಲೆಕ್ಕ ಬರೆದದ್ದು ಒಬ್ಬರದೇ ನಮೂನೆಯಲ್ಲಿ, ಮೆಮೋ ಬಂದದ್ದೂ ಅವರೊಬ್ಬರಿಗೇ.

‘ಮೂರು ತಿಂಗಳಲ್ಲಿ ತಾವು ಕೇವಲ ಮೂವತ್ತೊಂಬತ್ತು ಪುಟಗಳನ್ನು ಓದಿದ್ದು, ಒಂದೇ ಪುಸ್ತಕವನ್ನು ಪದೇ ಪದೇ ನಮೂದಿಸಿರುತ್ತೀರಿ. ತಮ್ಮ ಪ್ರಗತಿ ಅತೃಪ್ತಿಕರವಾಗಿರುತ್ತದೆ. ಏಳು ದಿನಗಳೊಳಗೆ ವಿವರಣೆ ನೀಡತಕ್ಕದ್ದು.’ ಮೂವತ್ತೊಂದು ವರ್ಷದಲ್ಲಿ ಅವರಿಗೆ ಬಂದ ಮೊದಲ ಮೆಮೋ. ಮೊದಲಾಗಿದ್ದರೆ ಏನೋ ನೆಪ ಹೇಳಿ ಯಾರ ಕೈಗಾದರೂ ಕೊಟ್ಟು ಓದಿಸುತ್ತಿದ್ದರು, ನಾವು ಏನಾದರೂ ಹೇಳಿ ತೇಲಿಸಿಬಿಡುತ್ತಿದ್ದೆವು. ಈ ಸಲ ಕೊಡಲಿಲ್ಲ. ಟೈರುಗಳ ರಾಶಿಯ ಮೇಲೆ ಕೂತು, ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ತಾವೇ ಓದಿದರು. ಅರ್ಧ ಗಂಟೆ ಹಿಡಿಯಿತು. ಮಾನ್ಯರೇ, ಆ ಮನುಷ್ಯ ಜೀವನದಲ್ಲಿ ಮೊದಲಿನಿಂದ ಕೊನೆಯವರೆಗೆ, ಯಾರ ಸಹಾಯವೂ ಇಲ್ಲದೆ, ಒಂದೇ ಪಟ್ಟಿಗೆ ಓದಿ ಮುಗಿಸಿದ ಮೊದಲ ಬರಹ ತಮ್ಮ ಮೆಮೋ. ‘ಅತೃಪ್ತಿಕರ’ ಎಂಬಲ್ಲಿ ಮಾತ್ರ ತಡವರಿಸಿ, ಅದೇನೆಂದು ನನ್ನನ್ನು ಕೇಳಿದರು. ನಾನು ಹೇಳಿದೆ.

ಮಾರನೇ ದಿನ ಪುಸ್ತಕವನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. ಒಟ್ಟು ನೂರ ತೊಂಬತ್ತಾರು ಪುಟ, ಅವರು ನಿಂತದ್ದು ನೂರ ನಲವತ್ತಮೂರರಲ್ಲಿ. ಗ್ರೀಸ್ ಹತ್ತಬಾರದೆಂದು ಪುಟದ ನಡುವೆ ಒಗೆದ ಬಟ್ಟೆಯ ಚೂರು ಇಟ್ಟಿದ್ದರು. “ನಂಗೆ ಇದು ಬೇಡಮ್ಮ. ಕೆಲಸದಲ್ಲಿ ಯಾರೂ ನಂಗೆ ಬೊಟ್ಟು ಮಾಡಿ ತೋರಿಸಿಲ್ಲ ಇಲ್ಲೀವರ್ಗೂ,” ಅಂದರು. ನಾನು ಏನೇನೋ ಹೇಳಿದೆ. ತಪ್ಪು ನನ್ನದು, ಇನ್ನು ಮೇಲೆ ನೂರು ಪುಟ ಎಂದು ಬರೆಯುತ್ತೇನೆ ಎಂದೂ ಹೇಳಿದೆ. “ಛೇ, ಓದದೇ ಇರೋದನ್ನ ಓದಿದೀನಿ ಅಂತ ಯಾಕಮ್ಮ ಬರೀತೀಯ,” ಎಂದು ನನಗೇ ಸಮಾಧಾನ ಮಾಡಿದರು. ನಾಚಿಕೆಯಿಂದ ನನಗೆ ಕಣ್ಣಲ್ಲಿ ನೀರು ಬಂತು. ಅದರ ಪ್ರಯೋಜನವನ್ನು ಯಾವ ಕಲಮಿನಲ್ಲಿ ಬರೆಯಲಿ?

ನಾನು ಕೇಳುತ್ತಿರುವುದು ದೊಡ್ಡದಲ್ಲ. ಹಲಗೆಯ ಬೀಗ ತೆಗೆಸಿ, ಗಾಜು ಬೇಕಾದರೆ ತಮ್ಮ ಕೋಣೆಯ ಕಿಟಕಿಗೆ ಹಾಕಿಸಿಕೊಳ್ಳಿ. ನಮೂನೆ ನಿಲ್ಲಿಸಿ. ಪ್ರಶಸ್ತಿ ಟೈಮ್ ಕೀಪರಿಗೇ ಇರಲಿ, ಅವನ ಹೆಂಡತಿ ಕಟ್ಟು ಹಾಕಿಸಿದ್ದಾಳೆ. ಆ ಮೆಮೋವನ್ನು ಮಾತ್ರ ವಾಪಸು ಪಡೆಯಿರಿ. ಪಡೆದದ್ದಾಗಿ ಒಂದು ಕಾಗದ ಬರೆಯಿರಿ, ದಪ್ಪ ಅಕ್ಷರದಲ್ಲಿ, ಕಷ್ಟದ ಪದವಿಲ್ಲದೆ. ಅವರೇ ಓದಿಕೊಳ್ಳುತ್ತಾರೆ. ಬೇಗ ಬರೆಯಿರಿ ಎಂದು ಒತ್ತಾಯಿಸಲು ಕಾರಣವಿದೆ.

ಮೊನ್ನೆ ನನ್ನ ಬಸ್ಸು ಪಂಕ್ಚರಾಗಿತ್ತು. ಜಾಕಣ್ಣ ಚಕ್ರ ಬಿಚ್ಚುತ್ತಿದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ. ತಲೆ ಎತ್ತದೆಯೇ ಕೇಳಿದರು: “ತಂಗಿ, ಆ ಅಡುಗೆಯವ ಕೊನೆಗೆ ಮನೆ ಸೇರ್ತಾನಾ? ಇನ್ನೇನು ನಾನು ಓದೋದಿಲ್ವಲ್ಲ, ನೀನೇ ಹೇಳ್ಬಿಡು.”

ಆ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಕೊನೆಯ ಪುಟ ನನಗೆ ಬಾಯಿಪಾಠ. “ಮರ್ತೇ ಹೋಯ್ತಣ್ಣ. ನೋಡಿ ಹೇಳ್ತೀನಿ,” ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, “ಸರಿ, ನೋಡಿ ಹೇಳು,” ಎಂದು ಚಕ್ರಕ್ಕೆ ಕೈ ಹಾಕಿದರು. ನಿನ್ನೆ ಮತ್ತೆ ಕೇಳಿದರು, ಇನ್ನೂ ನೋಡಿಲ್ಲ ಎಂದೆ. ನಾಳೆಯೂ ಕೇಳುತ್ತಾರೆ. ನಾನು ಹೇಳಿಬಿಟ್ಟರೆ ಉಳಿದ ಆ ಐವತ್ತಮೂರು ಪುಟಗಳನ್ನು ಅವರು ಇನ್ನು ಯಾವತ್ತೂ ಓದುವುದಿಲ್ಲ. ಎಷ್ಟು ದಿನ ಮರೆತಿರಲಿ, ತಾವೇ ಹೇಳಿ.

ಇಂತಿ,
ತಮ್ಮ ಉತ್ತರ ಬರುವವರೆಗೆ ಸುಳ್ಳು ಹೇಳುತ್ತಿರುವ
ತಮ್ಮದೇ ಡಿಪೋದ ಒಬ್ಬ ಕಂಡಕ್ಟರ್