ಹಿಮ್ಮಡಿ ಸವೆದವರ ವಿಳಾಸ

ಜೂನ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ಗಿರಾಕಿಗಳ ಇಮೇಲ್ ಪಟ್ಟಿ ವಾಪಸ್ ಕೊಡುತ್ತೇನೆಂದು ನೀನು ನನ್ನ ತಂಗಿಯ ಹತ್ತಿರ ಹೇಳಿಕಳಿಸಿ ತಿಂಗಳಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೋಪ ಆರಲಿ ಎಂದು ಕಾದೆ. ಪೂರ್ತಿ ಆರಿದೆ ಎಂದರೆ ನೀನೇ ನಗುತ್ತೀಯ.

ನಮ್ಮಿಬ್ಬರ ಆನ್‌ಲೈನ್ ಅಂಗಡಿ ಬಿಟ್ಟು ನಿನ್ನದೇ ಬೇರೆ ಅಂಗಡಿ ಇಡಲು ಹೋಗುವಾಗ ನೀನು ಆ ವಿಳಾಸಗಳನ್ನೆಲ್ಲ ಒಯ್ದೆ. ಕೇಳಿದ್ದಕ್ಕೆ, "ಅವರು ನನ್ನ ಓದುಗರು ಕಣೇ. ನಿನ್ನ ಕಾಲುಚೀಲ ಯಾರು ನೆನಪಿಟ್ಕೊಳ್ತಾರೆ?" ಅಂದೆ. ವಾರವಾರ ಅವರಿಗೆ ಪತ್ರ ಬರೆಯುತ್ತಿದ್ದವಳು ನೀನೇ, ನಿಜ. ನಾನು ಹೆಣೆಯುತ್ತಿದ್ದೆ, ಅಷ್ಟೆ. ನೀನು ಹೇಳಿದ್ದೇ ಸರಿಯಿರಬಹುದೇ ಎಂದು ಬಹಳ ಯೋಚಿಸಿದೆ. ತಿಳಿಯಬೇಕಾದರೆ ಮೊದಲಿನಿಂದ ಶುರುಮಾಡದೆ ವಿಧಿಯಿರಲಿಲ್ಲ.

ಮೈದುನ ಎಲ್ಲಿಂದಲೋ ಸಗಟಾಗಿ ವಿಳಾಸ ಕೊಡಿಸುತ್ತೇನೆಂದ. ಬೇಡವೆಂದೆ. ಗುರುತಿಲ್ಲದವರು ಬಂದು ಬಾಗಿಲು ಬಡಿದರೆ ನಾನೇ ತೆಗೆಯುವುದಿಲ್ಲ. ಹೋಗುತ್ತಿದ್ದ ನಾಲ್ಕಾರು ಪೊಟ್ಟಣಗಳಲ್ಲೇ ಚೀಟಿ ಇಟ್ಟೆ: ಕಾಲುಚೀಲಕ್ಕೆ ಮೊದಲು ಎಲ್ಲಿ ತೂತು ಬಿತ್ತು ಬರೆಯಿರಿ, ವಾರಕ್ಕೊಂದು ಪತ್ರ ಕಳಿಸಲೇ, ಅದನ್ನೂ ಹೇಳಿ. ಮಾರುವವಳೇ ತೂತಿನ ಸುದ್ದಿ ಎತ್ತುತ್ತಾಳಾ ಎಂದು ಮನೆಯವರು ನಕ್ಕರು.

ಆದರೆ ಜನ ಬರೆದರು. ಬಸ್ ಓಡಿಸುವ ಒಬ್ಬರಿಗೆ ಬಲ ಹಿಮ್ಮಡಿ ಸವೆಯುತ್ತದಂತೆ. ಅಲ್ಲಿ ಎರಡೆಳೆ ಹಾಕಿ ಹೆಣೆದೆ, ಹೆಣೆದ ಬಗೆಯನ್ನೇ ಪತ್ರ ಮಾಡಿದೆ. ಮೊದಲ ಪತ್ರದಲ್ಲೇ ಎಡವಟ್ಟು. ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ ಕಳಿಸಿಬಿಟ್ಟಿದ್ದೆ. ಒಬ್ಬೊಬ್ಬರಿಗೂ ಬೇರೆಯಾಗಿ ಕ್ಷಮೆ ಕೇಳಿದೆ. ಕೆಲವರು ಸಿಟ್ಟಾಗಿ ಬಿಟ್ಟುಹೋದರು, ನಾನಾಗಿದ್ದರೂ ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರುವ ಒಬ್ಬ ನರ್ಸಮ್ಮ ಮಾತ್ರ, "ಕ್ಷಮೆ ಹಾಗಿರಲಿ ತಾಯಿ, ಆ ಡ್ರೈವರಣ್ಣನಿಗೆ ಮಾಡಿದ ಹಿಮ್ಮಡಿ ನನಗೂ ಬೇಕು" ಎಂದು ಬರೆದರು. ಅವರಿಬ್ಬರ ಉತ್ತರಗಳನ್ನೂ ಈಗ ನನ್ನ ಪತ್ರದಲ್ಲಿ ಹಾಕುತ್ತೇನೆ, ಒಬ್ಬರ ಕಾಲನ್ನೊಬ್ಬರು ಎಳೆಯುತ್ತಾರೆ.

ಮಂಗಳವಾರದ ಪತ್ರ ತಡವಾದರೆ ಹುಷಾರಾಗಿದ್ದೀರಾ ಎಂದು ಕೇಳುವವರಿದ್ದಾರೆ. ನಿನ್ನ ಪಟ್ಟಿಯ ಮುಂದೆ ಇವರು ಒಂದು ಹಿಡಿ. ನಿನ್ನ ಹಾಗೆ ಚಂದದ ವಾಕ್ಯ ನನಗೆ ಬರದು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಕನ್ನಡ, ಅಲ್ಲಲ್ಲಿ ಗಂಟು ಬೀಳುತ್ತದೆ. ಬಿಡಿಸಿಕೊಂಡು ಬರೆಯುತ್ತೇನೆ. ಹಳೆಯ ಪಟ್ಟಿ ನನಗೆ ಬೇಡ, ನೀನೇ ಇಟ್ಟುಕೊ. ಇದು ಮುನಿಸಿನ ಮಾತಲ್ಲ. ನನ್ನನ್ನು ಹುಡುಕಿ ಬಂದವರ ಜೊತೆ ನಾನು ನಡೆಯಬಲ್ಲೆ ಎಂದು ಈಗ ಗೊತ್ತಾಗಿದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಚಿಕ್ಕವಳ ಪಾದದ ಅಳತೆ ಕಳಿಸು, ಬೆಳೆದಿರುತ್ತಾಳೆ. ನಿನ್ನ ಅಂಗಡಿಯೂ ಚೆನ್ನಾಗಿ ನಡೆಯಲಿ. ಮನಸಾರೆ ಹೇಳುತ್ತಿದ್ದೇನೆ.

ಇಂತಿ ನಿನ್ನ,
ದಾರದುಂಡೆ

ಹೇಳಲೋ ಬೇಡವೋ ಎಂದುಕೊಂಡಿದ್ದೆ: ಆ ಪಟ್ಟಿಯಲ್ಲಿ ನನ್ನ ವಿಳಾಸವೂ ಇತ್ತು. ಪ್ರತಿ ಶುಕ್ರವಾರ ನಿನ್ನ ಪತ್ರ ನನಗೂ ಬರುತ್ತದೆ, "ಪ್ರಿಯ ಗ್ರಾಹಕರೇ" ಎಂದು. ನಿಲ್ಲಿಸುವ ಗುಂಡಿ ಕೆಳಗೇ ಇದೆ. ಒತ್ತಿದರೆ ನಿನ್ನಿಂದ ಬರುವುದು ಏನೂ ಉಳಿಯುವುದಿಲ್ಲವಲ್ಲ, ಗುಬ್ಬಿ.