ಮುಳಗುಂದ ಮನೆಯ ಹೊಸ್ತಿಲು

ಧಾರವಾಡ,
ಶ್ರಾವಣ ಪಂಚಮಿ, ೨೧೮೪

ಮಹಾನಂದಾ,

ತಾರೀಖು ನೋಡಿ ಕಾಗದ ಬಿಸಾಡಬೇಡ. ನಿನ್ನ ಕಾಲಕ್ಕೆ ಇನ್ನೂ ಹುಟ್ಟಿರದ ಒಂದೆರಡು ಮಾತು ಇದರಲ್ಲಿ ಬರುತ್ತವೆ, ಕ್ಷಮಿಸು. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಇದು ನಿನ್ನ ಕೈ ಸೇರುವಾಗ ನೀನು ಇಪ್ಪತ್ತೆಂಟರ ಸೊಸೆ, ನಾನು ಎಂಬತ್ತು ದಾಟಿದವಳು. ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ನಾನು ಓದಿದ್ದು ಹತ್ತನೇ ತರಗತಿ. ಕಾಗದ ಬರೆಯಲು ಅಷ್ಟು ಸಾಕು.

ನಮ್ಮ ಊರಿನ ವಿಶ್ವವಿದ್ಯಾಲಯ ಇನ್ನೂ ಅದೇ ಗುಡ್ಡದ ಮೇಲಿದೆ. ಮೇಲೆ ಗಾಡಿ ಬಿಡುವುದಿಲ್ಲ. ತಂತಿಗೆ ಜೋತುಬಿದ್ದ ಡಬ್ಬಿಗಳಲ್ಲಿ ಹುಡುಗರು ಹತ್ತುತ್ತಾರೆ. ಅವಕ್ಕೆ ತೂಗುಪೆಟ್ಟಿಗೆ ಎನ್ನುತ್ತೇವೆ. ಹಾಸ್ಟೆಲ್ ಎಂಬುದು ಈಗಿಲ್ಲ. ಪರವೂರಿನಿಂದ ಬಂದ ಪ್ರತಿಯೊಬ್ಬರಿಗೂ ಊರಿನಲ್ಲಿ ಒಂದು ಮನೆ ಇದೆ. ಇದನ್ನು ಹೊಸ್ತಿಲು ಹಿಡಿಯುವುದು ಎಂದು ಕರೆಯುತ್ತೇವೆ. ಪದವಿಪತ್ರದಲ್ಲಿ ಆ ಮನೆಯ ಹೆಸರೂ ಇರುತ್ತದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ಊರು ಏಳುತ್ತದೆ, ಪಿಎಚ್.ಡಿ. ಮಾಡುವವರೂ ಬಡಿಯುತ್ತಾರೆ. ನನ್ನ ಮನೆಯಲ್ಲಿದ್ದು ಕಲಿತವನೊಬ್ಬ ಈಗ ಹಿಮಾಲಯದಲ್ಲಿ ಹಿಮ ಕರಗದಂತೆ ಕಾಯುವ ಕೆಲಸದಲ್ಲಿದ್ದಾನೆ. ಆ ಚಳಿಯಲ್ಲೂ ಅವನ ರೊಟ್ಟಿ ಉಬ್ಬುತ್ತದಂತೆ. ಉಬ್ಬದೇ ಏನು, ಕಲಿಸಿದವಳು ನಾನು.

ಘಟಿಕೋತ್ಸವದ ದಿನ ಕುಲಪತಿಗಳು ಪ್ರತಿ ವಿದ್ಯಾರ್ಥಿ ಇದ್ದ ಮನೆಯ ಹಿರಿಯಳನ್ನು ಎಬ್ಬಿಸಿ ನಿಲ್ಲಿಸಿ, ಆ ವಿದ್ಯಾರ್ಥಿಯ ಬಗ್ಗೆ "ಮನ್ಯಾಗ ಹೆಂಗಿದ್ದಾರ್ರೀ?" ಎಂದು ಕೇಳುತ್ತಾರೆ. ಚಲೋ ಇದ್ದಾರೆ ಎಂದರೆ ಮಾತ್ರ ಪದವಿ. ಹೋದ ವರ್ಷ ಬಂಗಾರದ ಪದಕದವನೊಬ್ಬನಿಗೆ ನಾನು ಇಲ್ಲ ಎಂದೆ.

"ಯಾಕ್ರೀ ಅಮ್ಮಾರ, ಅಷ್ಟು ಶಾಣ್ಯಾ ಹುಡುಗ!"

"ಶಾಣ್ಯಾ ಅದಾನ್ರೀ. ಉಂಡ ತಾಟು ಮಾತ್ರ ಇನ್ನೊಬ್ಬರ ಮುಂದ ಸರಸ್ತಾನ. ಇನ್ನೊಂದು ವರ್ಷ ಇರಲಿ ಬಿಡ್ರಿ."

ಸಭೆ ನಕ್ಕಿತು. ಅವನು ನಗಲಿಲ್ಲ. ಈ ವರ್ಷ ಪದವಿ ತೆಗೆದುಕೊಂಡು ಹೋದ; ಹೋಗುವ ದಿನ ಮನೆಯವರೆಲ್ಲರ ತಾಟು ತೊಳೆದಿಟ್ಟಿದ್ದ.

ಈಗ ಕಾಗದ ಬರೆದ ಕಾರಣ ಹೇಳುತ್ತೇನೆ. ಇದೆಲ್ಲ ಶುರುವಾಗುವುದು ನಿನ್ನ ಬಾಗಿಲಿನಲ್ಲಿ. ನಾಳೆ ಸಂಜೆ ಹುಲಿಗೆಮ್ಮ ಎಂಬ ಹುಡುಗಿ ಬಂದು ಬಾಗಿಲು ಬಡಿಯುತ್ತಾಳೆ. ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲಿನಲ್ಲಿ ಜಾಗವಿಲ್ಲ. ನಿಮ್ಮ ಓಣಿಯ ಒಂದೊಂದು ಮನೆಯಲ್ಲೂ ಜಾತಿ ಹೇಳಿ, ಬಾಗಿಲು ಹಾಕಿಸಿಕೊಂಡು ಬಂದಿರುತ್ತಾಳೆ. ನೀನೂ ಹಾಕಿದರೆ ವಾಪಸ್ ತನ್ನೂರಿನ ಬಸ್ಸು ಹತ್ತುತ್ತಾಳೆ. ಆಮೇಲೆ ಆಕೆ ಕುಲಪತಿಯಾಗುವುದಿಲ್ಲ, ಈ ಪದ್ಧತಿ ತರುವುದಿಲ್ಲ. ಇದು ಆಗಿಹೋದ ಸಂಗತಿಯಲ್ಲವೇ ಎನ್ನಬೇಡ. ನಿನಗೆ ಇನ್ನೂ ಆಗಿಲ್ಲ.

ನಿನ್ನ ಅತ್ತೆ ಒಳಗಿನಿಂದಲೇ ಕೂಗುತ್ತಾರೆ: "ಯಾ ಮಂದಿ ಕೇಳವಾ, ಮಹಾನಂದಾ!" ಹೆದರಬೇಡ, ಜಾತಿ ಕೇಳಲೂಬೇಡ. ಅತ್ತೆಯನ್ನು ಆ ಹುಡುಗಿಯೇ ಒಲಿಸಿಕೊಳ್ಳುತ್ತಾಳೆ. ನೀನು ಕೇಳಬೇಕಾದ ಮಾತು ಬೇರೆ ಇದೆ. ಪ್ರವೇಶದ ದಿನ ಗುಡ್ಡದ ಬುಡದಲ್ಲಿ ನಿಂತು ಕುಲಪತಿಗಳು ಇಂದಿಗೂ ಹೊಸಬರನ್ನು ಮೊದಲು ಅದನ್ನೇ ಕೇಳುತ್ತಾರೆ, ಹೆಸರು ಆಮೇಲೆ. ಬಾಗಿಲು ಪೂರ್ತಿ ತೆಗೆ. ಅವಳ ಮುಖ ನೋಡಿ ಕೇಳು:

"ಉಂಡಿ ಏನವಾ?"

ನಿನ್ನ ಮನೆಯವಳು,
ನೀಲಗಂಗಾ ಮುಳಗುಂದ